ಅಳಿಸಿ ಮತ್ತೆ ಕಟ್ಟುವ ಕಾವಲು: ಎಂಎಸ್ ರೋಗಕ್ಕೆ ಆಕರಕೋಶ ಕಸಿಯಾದ ಮೇಲೆ

ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ ಮಾಡುವ ಆಕರಕೋಶ (ಸ್ಟೆಮ್ ಸೆಲ್) ಕಸಿಯಲ್ಲಿ ರೋಗವನ್ನು ಹತ್ತಿಕ್ಕುವುದು ಕಸಿಗೆ ಮುಂಚೆ ಕೊಡುವ ಉಗ್ರ ಔಷಧಗಳು. ಅವು ರೋಗಿಯ ರೋಗನಿರೋಧಕ ವ್ಯವಸ್ಥೆಯನ್ನು ಬಹುಪಾಲು ಅಳಿಸಿಹಾಕುತ್ತವೆ. ಮೊದಲೇ ತೆಗೆದಿರಿಸಿದ, ರೋಗಿಯವೇ ಆದ ಆಕರಕೋಶಗಳು ಬಳಿಕ ರಕ್ತಕ್ಕೆ ಮರಳಿ ಆ ವ್ಯವಸ್ಥೆಯನ್ನು ಹೊಸದಾಗಿ ಕಟ್ಟುತ್ತವೆ. ಆಸ್ಪತ್ರೆಯ ವಾಸ ಮೂರು ನಾಲ್ಕು ವಾರ. ಕಟ್ಟುವ ಕೆಲಸಕ್ಕೆ ಎರಡು ವರ್ಷ, ಕೆಲವರಲ್ಲಿ ಅದಕ್ಕೂ ಹೆಚ್ಚು ಕಾಲ ಬೇಕು. ಯಾವ ಕೋಶಗಳು ಬೇಗ ಮರಳುತ್ತವೆ, ಯಾವುವು ತಡವಾಗಿ ಬರುತ್ತವೆ, ಯಾವುವು ಹಿಂದಿನಷ್ಟು ಬರುವುದೇ ಇಲ್ಲ ಎಂಬುದರ ಮೇಲೆ ಚಿಕಿತ್ಸೆಯ ಫಲ ನಿಂತಿದೆ.

ಎಂಎಸ್ ಎಂದೇ ಕರೆಯುವ ಈ ರೋಗವನ್ನು ಪ್ಯಾರಿಸ್ಸಿನ ನರವೈದ್ಯ ಜಾನ್ ಮಾರ್ಟಿನ್ ಶಾರ್ಕೊ 1868ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದ. ಮಿದುಳು, ಬೆನ್ನುಹುರಿ ಮತ್ತು ಕಣ್ಣಿನ ನರಗಳ ತಂತುಗಳನ್ನು ಮಯಲಿನ್ ಎಂಬ ಕೊಬ್ಬಿನಂಶದ ಹೊದಿಕೆ ಸುತ್ತಿರುತ್ತದೆ. ಸೋಂಕಿನಿಂದ ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳಲ್ಲಿ ಕೆಲವು ಈ ಹೊದಿಕೆಯನ್ನೇ ಪರಕೀಯವೆಂದು ಭಾವಿಸಿ ಮೇಲೆ ಬೀಳುತ್ತವೆ. ಹೊದಿಕೆ ಸುಲಿದಲ್ಲಿ ನರಸಂದೇಶ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ಒಂದು ಕಣ್ಣು ಮಬ್ಬಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ಕಾರಣವಿಲ್ಲದೆ ಮೈ ಸೋಲುವುದು ಇದರ ಪರಿಣಾಮಗಳು. ಬಹುತೇಕರಲ್ಲಿ ರೋಗ ಮೊದಮೊದಲು ಅಲೆ ಅಲೆಯಾಗಿ ಬಂದುಹೋಗುತ್ತದೆ. ವರ್ಷಗಳು ಕಳೆದಂತೆ ಹಲವರಲ್ಲಿ ಅಲೆಗಳು ನಿಂತು, ಅಂಗವೈಕಲ್ಯ ಮೆಲ್ಲನೆ ಏರುವ ಹಂತ ತಲುಪುತ್ತದೆ. ಜಗತ್ತಿನಲ್ಲಿ 28 ಲಕ್ಷಕ್ಕೂ ಹೆಚ್ಚು ಮಂದಿಗೆ ಈ ರೋಗವಿದೆ. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಇಪ್ಪತ್ತರಿಂದ ನಲವತ್ತರ ನಡುವಿನ, ಓದು, ಉದ್ಯೋಗ, ಸಂಸಾರ ಕಟ್ಟಿಕೊಳ್ಳುವ ವಯಸ್ಸಿನಲ್ಲೇ ಅದು ಎದುರಾಗುತ್ತದೆ.

ರಕ್ತದ ಕ್ಯಾನ್ಸರಿಗೆ ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡ ಕೆಲವರಲ್ಲಿ, ಜೊತೆಗಿದ್ದ, ದೇಹವೇ ತನ್ನ ಮೇಲೆ ಬೀಳುವ ಇಂಥ ಸ್ವಯಂನಿರೋಧಕ ಕಾಯಿಲೆಯೂ ಅಡಗಿದ್ದನ್ನು ವೈದ್ಯರು ಗಮನಿಸಿದ್ದರು. ಪ್ರಾಣಿಗಳ ಮೇಲಿನ ಪ್ರಯೋಗಗಳೂ ಅದೇ ದಿಕ್ಕು ತೋರಿದ್ದವು. ಈ ಸುಳಿವು ಹಿಡಿದು 1995ರಲ್ಲಿ ಗ್ರೀಸ್ ದೇಶದ ಥೆಸಲೋನಿಕಿಯಲ್ಲಿ ಅಥನಾಸಿಯೋಸ್ ಫಸಾಸ್ ಅವರ ತಂಡ ಎಂಎಸ್ ರೋಗಿಗಳಿಗೆ ಅವರದೇ ಆಕರಕೋಶಗಳ ಕಸಿಯನ್ನು ಆರಂಭಿಸಿತು. 15 ರೋಗಿಗಳ ಮೊದಲ ವರದಿ 1997ರಲ್ಲಿ ಪ್ರಕಟವಾಯಿತು. ಆಮೇಲೆ ಷಿಕಾಗೊದಲ್ಲಿ ರಿಚರ್ಡ್ ಬರ್ಟ್, ಕೆನಡಾದ ಒಟ್ಟಾವದಲ್ಲಿ ಹೆರಾಲ್ಡ್ ಅಟ್ಕಿನ್ಸ್ ಮತ್ತು ಮಾರ್ಕ್ ಫ್ರೀಡ್‌ಮನ್ ಈ ದಾರಿಯನ್ನು ಮುಂದುವರಿಸಿದರು.

ಚಿಕಿತ್ಸೆ ಶುರುವಾಗುವುದು ಆಕರಕೋಶ ಸಂಗ್ರಹದಿಂದ. ಅಸ್ಥಿಮಜ್ಜೆಯಲ್ಲಿ ಇರುವ ಈ ಕೋಶಗಳು ಸಾಮಾನ್ಯವಾಗಿ ರಕ್ತದಲ್ಲಿ ಅತಿ ವಿರಳ. ಫಿಲ್‌ಗ್ರಾಸ್ಟಿಮ್ ಚುಚ್ಚುಮದ್ದನ್ನು ಕೆಲವು ದಿನ ಕೊಟ್ಟರೆ ಅವು ಮಜ್ಜೆ ಬಿಟ್ಟು ರಕ್ತಕ್ಕೆ ಇಳಿಯುತ್ತವೆ. ಈ ಔಷಧವನ್ನು ಒಂಟಿಯಾಗಿ ಕೊಟ್ಟರೆ ಎಂಎಸ್ ಕೆರಳುವ ಅಪಾಯವಿರುವುದರಿಂದ ಜೊತೆಗೆ ಸೈಕ್ಲೊಫಾಸ್ಫಮೈಡ್ ಅಥವಾ ಸ್ಟೆರಾಯ್ಡ್ ಕೊಡುತ್ತಾರೆ. ರಕ್ತವನ್ನು ಯಂತ್ರದ ಮೂಲಕ ಹಾಯಿಸಿ, ಮೇಲ್ಮೈಯಲ್ಲಿ ಸಿಡಿ34 ಗುರುತು ಹೊತ್ತ ಕೋಶಗಳನ್ನು ಸೋಸಿ ತೆಗೆಯುತ್ತಾರೆ. ರೋಗಿಯ ತೂಕದ ಪ್ರತಿ ಕಿಲೋಗೆ ಕನಿಷ್ಠ 20 ಲಕ್ಷ ಕೋಶಗಳಾದರೂ ಸಿಗಬೇಕು. ಅವನ್ನು ಚೀಲದಲ್ಲಿ ಹೆಪ್ಪುಗಟ್ಟಿಸಿ ಅತಿಶೀತದಲ್ಲಿ ಕಾಪಿಡಲಾಗುತ್ತದೆ.

ಎರಡನೆಯ ಘಟ್ಟ ಅಳಿಸುವಿಕೆ. ಷಿಕಾಗೊ ಪದ್ಧತಿಯಲ್ಲಿ ತೂಕದ ಪ್ರತಿ ಕಿಲೋಗೆ ಒಟ್ಟು 200 ಮಿಲಿಗ್ರಾಂ ಸೈಕ್ಲೊಫಾಸ್ಫಮೈಡನ್ನು ನಾಲ್ಕು ದಿನಗಳಲ್ಲಿ ಹಂಚಿ ಕೊಡುತ್ತಾರೆ. ಯುರೋಪಿನ ಹಲವು ಕೇಂದ್ರಗಳು ಬೀಮ್ ಎಂಬ ನಾಲ್ಕು ಔಷಧಗಳ ಗುಂಪನ್ನು ಬಳಸುತ್ತ ಬಂದಿವೆ. ಒಟ್ಟಾವದಲ್ಲಿ ಆರಿಸಿದ್ದು ಇನ್ನೂ ಉಗ್ರವಾದ ಬುಸಲ್ಫಾನ್. ಎಲ್ಲದರ ಜೊತೆಗೆ ಎಟಿಜಿ ಇರುತ್ತದೆ. ಇದು ಮನುಷ್ಯನ ಟಿ ಕೋಶಗಳೆಂಬ ಬಿಳಿ ರಕ್ತಕಣಗಳ ವಿರುದ್ಧ ಮೊಲದಲ್ಲೋ ಕುದುರೆಯಲ್ಲೋ ಬೆಳೆಸಿದ ಪ್ರತಿಕಾಯ. ದೇಹದಲ್ಲಿ ದಿನಗಟ್ಟಲೆ ಉಳಿಯುವುದರಿಂದ, ಮರಳಿ ಕೊಟ್ಟ ಆಕರಕೋಶಗಳ ಜೊತೆ ನುಸುಳಿ ಬಂದ ಹಳೆಯ ಟಿ ಕೋಶಗಳನ್ನೂ ಇದು ಕೊಲ್ಲುತ್ತದೆ. ಹಳೆಯ ಕೋಶಗಳು ಒಳಗೆ ಉಳಿದಿದ್ದರೂ ತೊಂದರೆ, ಚೀಲದಲ್ಲಿ ಹಿಂತಿರುಗಿದರೂ ತೊಂದರೆ. ಹಾಗಾಗಿ ಈ ಘಟ್ಟದಲ್ಲಿ ಎಟಿಜಿಯ ಪಾಲು ದೊಡ್ಡದು.

ಕಸಿಯ ದಿನವನ್ನು ವೈದ್ಯರು ಸೊನ್ನೆ ದಿನ ಎನ್ನುತ್ತಾರೆ. ಹೆಪ್ಪುಗಟ್ಟಿದ ಚೀಲವನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ, ಕತ್ತಿನ ಅಥವಾ ಎದೆಯ ರಕ್ತನಾಳದಲ್ಲಿ ಕೂರಿಸಿದ ಕೊಳವೆಯ ಮೂಲಕ ಒಳಗೆ ಹರಿಸುತ್ತಾರೆ. ಕೋಶಗಳು ಹೆಪ್ಪಿನಲ್ಲಿ ಒಡೆಯದಂತೆ ಬೆರೆಸಿದ ರಾಸಾಯನಿಕವು ರೋಗಿಯ ಉಸಿರಿನಲ್ಲಿ ಹೊರಬಂದು ಕೋಣೆಯಲ್ಲೆಲ್ಲ ಬೆಳ್ಳುಳ್ಳಿಯಂಥ ವಾಸನೆ ತುಂಬುತ್ತದೆ. ಶಸ್ತ್ರಕ್ರಿಯೆಯಿಲ್ಲ, ಹೊಲಿಗೆಯಿಲ್ಲ, ರಕ್ತ ಏರಿಸಿದಷ್ಟೇ ಸರಳವಾಗಿ ಮುಗಿದುಹೋಗುತ್ತದೆ. ಕೋಶಗಳು ತಮ್ಮಷ್ಟಕ್ಕೆ ತಾವೇ ಮಜ್ಜೆಯ ದಾರಿ ಹುಡುಕಿಕೊಳ್ಳುತ್ತವೆ. ಮುಂದಿನ ಹತ್ತು ಹನ್ನೆರಡು ದಿನ ಅತಿ ನಾಜೂಕಿನ ಕಾಲ. ಬಿಳಿ ರಕ್ತಕಣಗಳ ಎಣಿಕೆ ಸೊನ್ನೆಯ ಹತ್ತಿರಕ್ಕೆ ಇಳಿದಿರುತ್ತದೆ. ಬಾಯಿ ಹುಣ್ಣು, ಜ್ವರ, ಕೂದಲು ಉದುರುವಿಕೆ, ರಕ್ತ ಹಾಗೂ ಪ್ಲೇಟ್‌ಲೆಟ್ ಏರಿಸುವುದು ಸಾಮಾನ್ಯ. ಸೂಕ್ಷ್ಮಾಣುಗಳನ್ನು ನುಂಗುವ ನ್ಯೂಟ್ರೊಫಿಲ್‌ಗಳ ಎಣಿಕೆ ಒಂದು ಮೈಕ್ರೊಲೀಟರಿಗೆ 500 ದಾಟಿ ಮೂರು ದಿನ ಸತತ ನಿಂತರೆ ಕಸಿ ಹಿಡಿಯಿತೆಂದು ಲೆಕ್ಕ. ಬಹುತೇಕರಲ್ಲಿ ಇದು ಎರಡು ವಾರದೊಳಗೆ ಆಗುತ್ತದೆ, ಅದಾದ ಕೆಲವೇ ದಿನಗಳಲ್ಲಿ ರೋಗಿ ಮನೆಗೆ ಹೋಗುತ್ತಾರೆ.

ಮನೆಗೆ ಬಂದವರ ರಕ್ತ ವರದಿಯಲ್ಲಿ ಒಟ್ಟು ಎಣಿಕೆ ಚೆನ್ನಾಗಿ ಕಾಣಿಸಬಹುದು. ಅದನ್ನು ನಂಬಿ ಎಲ್ಲ ಸರಿಹೋಯಿತೆಂದುಕೊಳ್ಳುವುದು ದೊಡ್ಡ ತಪ್ಪು. ನ್ಯೂಟ್ರೊಫಿಲ್‌ಗಳು ಬಂದಿವೆ, ಅಷ್ಟೇ. ನೆನಪಿಟ್ಟುಕೊಂಡು ಹೋರಾಡುವ ಲಿಂಫೊಸೈಟ್‌ಗಳ ವಾಪಸಾತಿ ಬೇರೆಯೇ ವೇಗದ್ದು. ಅವುಗಳಲ್ಲಿ ಮೊದಲು ಬರುವವು ನ್ಯಾಚುರಲ್ ಕಿಲ್ಲರ್ ಕೋಶಗಳು. ಕೆಲವೇ ವಾರಗಳಲ್ಲಿ ಅವು ಮಾಮೂಲಿ ಮಟ್ಟಕ್ಕೆ ಮರಳುತ್ತವೆ. ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಸಿಡಿ8 ಟಿ ಕೋಶಗಳು ಕೆಲವು ತಿಂಗಳಲ್ಲಿ ಹಿಂದಿನ ಎಣಿಕೆ ಮುಟ್ಟುತ್ತವೆ. ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ಆರು ತಿಂಗಳಿನಿಂದ ಒಂದು ವರ್ಷ. ಎಲ್ಲಕ್ಕಿಂತ ಹಿಂದುಳಿಯುವವು ಸಿಡಿ4 ಟಿ ಕೋಶಗಳು. ಉಳಿದ ಕೋಶಗಳಿಗೆ ನಿರ್ದೇಶನ ಕೊಡುವವು ಇವೇ. ಇವುಗಳ ಎಣಿಕೆ ಎರಡು ವರ್ಷವಾದರೂ ಕಸಿಗೆ ಮುಂಚಿನ ಮಟ್ಟ ತಲುಪದಿರುವುದುಂಟು.

ಸಿಡಿ4 ಕೋಶಗಳ ತಡಕ್ಕೆ ಕಾರಣ ಎದೆಮೂಳೆಯ ಹಿಂದೆ ಇರುವ ಥೈಮಸ್ ಗ್ರಂಥಿ. ಸಿಡಿ8 ಕೋಶಗಳು ಔಷಧದಿಂದ ತಪ್ಪಿಸಿಕೊಂಡ ಹಳೆಯವುಗಳ ವಿಭಜನೆಯಿಂದಲೇ ಬೇಗ ಸಂಖ್ಯೆ ತುಂಬಿಕೊಳ್ಳಬಲ್ಲವು. ಸಿಡಿ4 ಕೋಶಗಳ ಪೂರ್ಣ ಚೇತರಿಕೆಗೆ ಮಾತ್ರ ಥೈಮಸ್‌ನಿಂದ ಹೊಸ ಕೋಶಗಳೇ ಬರಬೇಕು. ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶಗಳು ಥೈಮಸ್‌ಗೆ ಬಂದು ಅಲ್ಲಿ ಕಟ್ಟುನಿಟ್ಟಿನ ಪರೀಕ್ಷೆಗೆ ಕೂರುತ್ತವೆ. ದೇಹದ ಸ್ವಂತ ಅಂಶಗಳ ಮೇಲೆ ಏರಿಹೋಗುವಂಥವನ್ನು ಅಲ್ಲೇ ನಾಶ ಮಾಡಲಾಗುತ್ತದೆ. ಪಾಸಾದ ಅಲ್ಪಸಂಖ್ಯೆಯವು ಮಾತ್ರ ಹೊರಬರುತ್ತವೆ. ಈ ಗ್ರಂಥಿ ಹರೆಯದ ನಂತರ ಕುಗ್ಗುತ್ತಾ ಕೊಬ್ಬಾಗಿ ಮಾರ್ಪಡುವುದರಿಂದ, ವಯಸ್ಕರಲ್ಲಿ ಅದು ನಿರುಪಯೋಗಿ ಎಂಬ ನಂಬಿಕೆ ದೀರ್ಘಕಾಲ ಇತ್ತು. ಹಾಗಿದ್ದಲ್ಲಿ ಮೂವತ್ತು ನಲವತ್ತರ ಎಂಎಸ್ ರೋಗಿಯಲ್ಲಿ ಹೊಸ ಟಿ ಕೋಶಗಳು ಬರುವುದಾದರೂ ಎಲ್ಲಿಂದ?

ಉತ್ತರ ಸಿಕ್ಕಿದ್ದು ಒಂದು ಚಿಕ್ಕ ಡಿಎನ್ಎ ತುಣುಕಿನಿಂದ. ಟಿ ಕೋಶವೊಂದು ಥೈಮಸ್‌ನಲ್ಲಿ ಶತ್ರುವನ್ನು ಗುರುತಿಸುವ ತನ್ನ ಗ್ರಾಹಕವನ್ನು ರೂಪಿಸಿಕೊಳ್ಳುವಾಗ ವಂಶವಾಹಿಯ ಒಂದು ಭಾಗವನ್ನು ಕತ್ತರಿಸಿ ಬಿಸಾಡುತ್ತದೆ. ಬಿಸಾಡಿದ ತುಂಡಿನ ಎರಡು ತುದಿಗಳು ಕೂಡಿ, ಅದು ಒಂದು ಉಂಗುರವಾಗಿ ಕೋಶದೊಳಗೇ ಉಳಿಯುತ್ತದೆ. ವಿಜ್ಞಾನಿಗಳು ಇದನ್ನು ಟ್ರೆಕ್ ಎನ್ನುತ್ತಾರೆ. ಕೋಶ ವಿಭಜನೆಯಾದಾಗ ಉಳಿದ ಡಿಎನ್ಎ ಇಮ್ಮಡಿಯಾಗುತ್ತದೆ, ಈ ಉಂಗುರ ಆಗುವುದಿಲ್ಲ. ಎರಡು ಮರಿಕೋಶಗಳಲ್ಲಿ ಒಂದಕ್ಕೆ ಮಾತ್ರ ಹೋಗುತ್ತದೆ. ಆದ್ದರಿಂದ ಹಳೆಯ ಕೋಶಗಳು ಒಡೆದೊಡೆದು ಸಂಖ್ಯೆ ಹೆಚ್ಚಿಸಿಕೊಂಡಿದ್ದರೆ ರಕ್ತದಲ್ಲಿ ಟ್ರೆಕ್ ತೆಳುವಾಗುತ್ತದೆ. ಟ್ರೆಕ್ ಏರಿದೆಯೆಂದರೆ ಥೈಮಸ್‌ನಿಂದ ತಾಜಾ ಕೋಶಗಳು ಬರುತ್ತಿವೆ ಎಂದರ್ಥ. ಪಾವ್ಲೊ ಮುರಾರೊ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಸಿಯಾದ ಏಳು ಎಂಎಸ್ ರೋಗಿಗಳ ರಕ್ತವನ್ನು ಎರಡು ವರ್ಷ ಹಿಂಬಾಲಿಸಿ ಈ ಉಂಗುರಗಳನ್ನು ಎಣಿಸಿದರು. ಟ್ರೆಕ್ ಪ್ರಮಾಣ ಏರಿತ್ತು. ಇನ್ನೂ ಯಾವ ಶತ್ರುವನ್ನೂ ಕಾಣದ ಎಳೆಯ ಸಿಡಿ4 ಕೋಶಗಳ ಪಾಲು ಕಸಿಗೆ ಮುಂಚೆ ಇದ್ದುದರ ಎರಡರಷ್ಟಾಗಿತ್ತು. ಕುಗ್ಗಿದ ಥೈಮಸ್ ಮತ್ತೆ ಕೆಲಸಕ್ಕೆ ಇಳಿದಿತ್ತು. ಈ ಚಿಕಿತ್ಸೆಯ ಚರಿತ್ರೆಯಲ್ಲಿ ಇಷ್ಟು ಭರವಸೆ ತಂದ ಪ್ರಯೋಗಾಲಯದ ಸಾಕ್ಷ್ಯ ಇನ್ನೊಂದಿರಲಾರದು. ಔಷಧಗಳು ರೋಗನಿರೋಧಕ ವ್ಯವಸ್ಥೆಯನ್ನು ಬರೀ ದುರ್ಬಲಗೊಳಿಸಿದ್ದರೆ, ಬಲ ಮರಳಿದಂತೆ ರೋಗವೂ ಮರಳಬೇಕಿತ್ತು. ಸಂಖ್ಯೆಯ ಜೊತೆಗೆ ಕೋಶಗಳ ಗುಣವೂ ಬದಲಾಗಿದೆ ಎಂಬುದು ಇಲ್ಲಿ ಮೊದಲಿಗೆ ಸ್ಪಷ್ಟವಾಯಿತು.

ಪ್ರತಿ ಟಿ ಕೋಶದ ಗ್ರಾಹಕಕ್ಕೂ ತನ್ನದೇ ವಂಶವಾಹಿ ವಿನ್ಯಾಸವಿರುತ್ತದೆ; ಅದೇ ವಿನ್ಯಾಸ ಹೊತ್ತ ಕೋಶಗಳೆಲ್ಲ ಒಂದೇ ತಾಯಿಕೋಶದ ಸಂತತಿ. ಅಮೆರಿಕದ ಪ್ರಯೋಗವೊಂದರಲ್ಲಿ ಕಸಿಯಾದ 24 ಮಂದಿಯಲ್ಲಿ ಈ ವಿನ್ಯಾಸಗಳನ್ನು ಲಕ್ಷಗಟ್ಟಲೆ ಓದಿದ ಅಧ್ಯಯನ 2014ರಲ್ಲಿ ಬಂತು. ಸಿಡಿ4 ಕೋಶಗಳ ಸಂತತಿಗಳು ಬಹುಮಟ್ಟಿಗೆ ಹೊಸವಾಗಿದ್ದವು. ಸಿಡಿ8ರ ಕಥೆ ಬೇರೆ: ಕಸಿಗೆ ಮುಂಚೆ ಮೇಲುಗೈಯಿದ್ದ ಸಂತತಿಗಳೇ ಅಲ್ಲಿ ಮತ್ತೆ ಹರಡಿಕೊಂಡಿದ್ದವು. ಕಸಿಯಾದ ಎರಡನೆಯ ತಿಂಗಳಲ್ಲಿ ಯಾರ ಟಿ ಕೋಶಗಳಲ್ಲಿ ವೈವಿಧ್ಯ ಹೆಚ್ಚಿತ್ತೋ ಅವರಿಗೆ ಚಿಕಿತ್ಸೆ ಚೆನ್ನಾಗಿ ಒಗ್ಗಿತ್ತು. ಫಲ ಕಾಣದವರಲ್ಲಿ ವೈವಿಧ್ಯ ಕಡಿಮೆಯಿತ್ತು. ರೋಗನಿರೋಧಕ ವ್ಯವಸ್ಥೆ ಪೂರ್ತಿ ಅಳಿದು ಸೊನ್ನೆಯಿಂದ ಶುರುವಾಗುತ್ತದೆ ಎಂಬ ಜನಪ್ರಿಯ ವಿವರಣೆ ಹಾಗಾಗಿ ಅರ್ಧ ಮಾತ್ರ ನಿಜ.

ಕೆಲವು ಕೋಶಗಳು ಹಿಂದಿನಷ್ಟು ಮರಳುವುದಿಲ್ಲ. ಕರುಳು ಮುಂತಾದ ಒಳಪೊರೆಗಳ ಕಾವಲಿಗಿರುವ ಮೈಟ್ ಎಂಬ ಟಿ ಕೋಶಗಳು ಎಂಎಸ್ ರೋಗಿಗಳ ಮಿದುಳಿನ ಗಾಯಗಳಲ್ಲೂ ಸಿಕ್ಕಿವೆ. ಕಸಿಯಾದ ಮೇಲೆ ಇವು ರಕ್ತದಲ್ಲಿ ತೀವ್ರವಾಗಿ ಕುಸಿದು ವರ್ಷಗಟ್ಟಲೆ ಕಡಿಮೆಯೇ ಇರುತ್ತವೆ. ಉರಿಯೂತ ಎಬ್ಬಿಸುವ ಟಿಎಚ್17 ಬಗೆಯ ಕೋಶಗಳ ಚಟುವಟಿಕೆ ಇಳಿಯುವುದನ್ನು ಒಟ್ಟಾವದ ರೋಗಿಗಳಲ್ಲಿ ಕಂಡರು. ಮೊದಲ ತಿಂಗಳುಗಳಲ್ಲಿ ಇತರ ಕೋಶಗಳನ್ನು ಹದ್ದುಬಸ್ತಿನಲ್ಲಿಡುವ ನಿಯಂತ್ರಕ ಟಿ ಕೋಶಗಳ ಪಾಲು ಹೆಚ್ಚಿರುತ್ತದೆ. ಹೊಸ ಸಿಡಿ4 ಕೋಶಗಳು ತಯಾರಾಗುವವರೆಗೆ ಶಾಂತಿ ಕಾಯುವ ಪಾತ್ರ ಇವುಗಳದ್ದು ಮತ್ತು ನ್ಯಾಚುರಲ್ ಕಿಲ್ಲರ್ ಕೋಶಗಳದ್ದು ಎಂಬುದು ಸಂಶೋಧಕರ ಅಭಿಪ್ರಾಯ.

ಬಿ ಕೋಶಗಳಲ್ಲೂ ಮರಳಿ ಬರುವವು ಹೆಚ್ಚಾಗಿ ಎಳೆಯವು. ನೆನಪು ಹೊತ್ತವು ನಿಧಾನಕ್ಕೆ ಸೇರಿಕೊಳ್ಳುತ್ತವೆ. ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳು ಮಾತ್ರ ಗಟ್ಟಿ ಜೀವಗಳು. ಮಜ್ಜೆ ಮತ್ತು ನರಮಂಡಲದ ಮೂಲೆಗಳಲ್ಲಿ ಅವು ಕೀಮೋಥೆರಪಿಯನ್ನೂ ತಾಳಿಕೊಂಡು ಉಳಿಯಬಲ್ಲವು. ಬೆನ್ನುಹುರಿಯ ದ್ರವದಲ್ಲಿ ಎಂಎಸ್‌ನ ಗುರುತಾಗಿರುವ ಪ್ರತಿಕಾಯದ ಪಟ್ಟಿಗಳು ಕಸಿಯ ನಂತರವೂ ಬಹಳ ಮಂದಿಯಲ್ಲಿ ಕಾಣಿಸುವುದು ಇದೇ ಕಾರಣಕ್ಕೆ. ಪಟ್ಟಿಗಳು ಉಳಿದವರಲ್ಲೂ ರೋಗ ವರ್ಷಗಟ್ಟಲೆ ತೆಪ್ಪಗಿರುವುದರಿಂದ, ಪರೀಕ್ಷೆಯ ಆ ಒಂದು ಸಾಲು ನೋಡಿ ಕಸಿ ಸೋತಿತೆಂದು ಕಂಗೆಡಬೇಕಿಲ್ಲ.

ಸಿಡಿ4 ಕೋಶಗಳು ಕಡಿಮೆಯಿರುವ ತಿಂಗಳುಗಳಲ್ಲಿ ದೇಹದೊಳಗೆ ಮೊದಲೇ ಮಲಗಿದ್ದ ಸೋಂಕುಗಳು ಏಳುತ್ತವೆ. ಚಿಕ್ಕಂದಿನ ಸೀತಾಳೆ ಸಿಡುಬಿನ ವೈರಸ್ ಸರ್ಪಸುತ್ತಾಗಿ ಮೇಲೇಳಬಹುದು. ಅದನ್ನು ತಡೆಯಲು ಎಸೈಕ್ಲೊವಿರ್ ಮಾತ್ರೆಯನ್ನು ಬಹುತೇಕ ಒಂದು ವರ್ಷ ಕೊಡುತ್ತಾರೆ. ಒಂದು ಬಗೆಯ ಶಿಲೀಂಧ್ರದಿಂದ ಬರುವ ನ್ಯುಮೋನಿಯಾ ತಡೆಗೆ ಕೋಟ್ರೈಮಾಕ್ಸಜೋಲ್ ಇರುತ್ತದೆ. ಸೈಟೊಮೆಗಲೊ ವೈರಸ್ ಮತ್ತು ಎಪ್‌ಸ್ಟೈನ್ ಬಾರ್ ವೈರಸ್ಸನ್ನು ರಕ್ತಪರೀಕ್ಷೆಯಿಂದ ಹಿಂಬಾಲಿಸುತ್ತಾರೆ. ಎರಡನೆಯದರ ಮೇಲೆ ವಿಶೇಷ ನಿಗಾ ಬೇಕು. ಎಟಿಜಿ ಪಡೆದವರಲ್ಲಿ ಅದು ಅಪರೂಪಕ್ಕೆ ಲಿಂಫೋಮಾ ಬಗೆಯ ಗಡ್ಡೆಗೆ ಕಾರಣವಾಗುತ್ತದೆ. ಎಂಎಸ್ ಹುಟ್ಟಿಗೂ ಈ ವೈರಸ್ಸಿಗೂ ಗಾಢ ನಂಟಿದೆ: ಒಂದು ಕೋಟಿಗೂ ಹೆಚ್ಚು ಅಮೆರಿಕನ್ ಸೈನಿಕರ ದಾಖಲೆ ನೋಡಿದ 2022ರ ಅಧ್ಯಯನ, ಈ ಸೋಂಕು ತಗುಲಿದ ಮೇಲೆ ಎಂಎಸ್ ಅಪಾಯ 32 ಪಟ್ಟು ಏರುತ್ತದೆಂದು ತೋರಿಸಿತು. ಭಾರತದ ರೋಗಿಗಳಲ್ಲಿ ಇವೆಲ್ಲದರ ಜೊತೆಗೆ ಮಲಗಿರುವ ಕ್ಷಯ ಮತ್ತು ಹೆಪಟೈಟಿಸ್ ಬಿ ತಪಾಸಣೆಯನ್ನು ಕಸಿಗೆ ಮುಂಚೆಯೇ ಮುಗಿಸಬೇಕಾಗುತ್ತದೆ.

ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳ ನೆನಪು ಬಹುಪಾಲು ಮಸುಕಾಗಿರುವುದರಿಂದ ಅವನ್ನೂ ಮತ್ತೆ ಹಾಕಿಸಬೇಕು. ನಿರ್ಜೀವ ಲಸಿಕೆಗಳನ್ನು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಂತರ ಆರಂಭಿಸುತ್ತಾರೆ. ದಡಾರ, ಮಂಗನಬಾವು, ರುಬೆಲ್ಲಾಗಳ ಜೀವಂತ ಲಸಿಕೆಗೆ ಎರಡು ವರ್ಷ ಕಾಯಬೇಕು.

ಹೊಸ ವ್ಯವಸ್ಥೆ ಹೊಸ ತಪ್ಪನ್ನೂ ಮಾಡಬಲ್ಲದು. ಕಸಿಯಾದ ಕೆಲವರಲ್ಲಿ ತಿಂಗಳುಗಳ ಅಥವಾ ವರ್ಷಗಳ ನಂತರ ಬೇರೊಂದು ಸ್ವಯಂನಿರೋಧಕ ಕಾಯಿಲೆ ತಲೆದೋರುತ್ತದೆ. ಹೆಚ್ಚಾಗಿ ಕಾಣುವುದು ಥೈರಾಯ್ಡ್ ತೊಂದರೆ. ಅಪಾಯಕಾರಿಯಾದದ್ದು ಪ್ಲೇಟ್‌ಲೆಟ್‌ಗಳು ನಾಶವಾಗಿ ರಕ್ತಸ್ರಾವವಾಗುವ ಸ್ಥಿತಿ. ಥೈಮಸ್‌ನ ಹೊಸ ಕೋಶಗಳು ಬರುವ ಮುನ್ನ ಖಾಲಿ ಜಾಗವನ್ನು ಅಳಿದುಳಿದ ಕೋಶಗಳು ಲಗುಬಗೆಯಿಂದ ತುಂಬಿಕೊಳ್ಳುವುದು ಇದಕ್ಕೆ ಒಂದು ಕಾರಣವೆಂದು ತಿಳಿಯಲಾಗಿದೆ. ಮಹಿಳೆಯರಲ್ಲಿ ಮುಟ್ಟು ನಿಲ್ಲುವುದು, ಸಂತಾನಶಕ್ತಿ ಕುಗ್ಗುವುದು ಸೈಕ್ಲೊಫಾಸ್ಫಮೈಡ್‌ನ ನೇರ ಪರಿಣಾಮ. ರೋಗ ಬರುವ ವಯಸ್ಸು ನೋಡಿದರೆ, ಅಂಡಾಣು ಅಥವಾ ವೀರ್ಯ ಕಾಪಿಡುವ ಮಾತು ಮೊದಲ ಸಮಾಲೋಚನೆಯಲ್ಲೇ ಬರಬೇಕು.

ಇಷ್ಟೆಲ್ಲ ಸಹಿಸಿದ್ದಕ್ಕೆ ಸಿಗುವುದೇನು? ಒಟ್ಟಾವದ 24 ರೋಗಿಗಳ ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ಚೇತರಿಸಿಕೊಂಡ ಯಾರಲ್ಲೂ ರೋಗದ ಹೊಸ ಅಲೆ ಬರಲಿಲ್ಲ, ಎಂಆರ್‌ಐನಲ್ಲಿ ಹೊಸ ಉರಿಯೂತ ಕಾಣಲಿಲ್ಲ. ಆದರೆ ಒಬ್ಬರು ಚಿಕಿತ್ಸೆಯಿಂದಲೇ ತೀರಿಕೊಂಡರು. ಅಲೆ ಅಲೆಯಾಗಿ ಬರುವ ಎಂಎಸ್ ಇದ್ದ 110 ಮಂದಿಯನ್ನು ಎರಡು ಗುಂಪು ಮಾಡಿದ ಷಿಕಾಗೊ ನೇತೃತ್ವದ ಪ್ರಯೋಗ 2019ರಲ್ಲಿ ಬಂತು. ಅಂಗವೈಕಲ್ಯ ಏರಿದ್ದು ಕಸಿ ಗುಂಪಿನಲ್ಲಿ 3 ಮಂದಿಗೆ, ಔಷಧ ಗುಂಪಿನಲ್ಲಿ 34 ಮಂದಿಗೆ. ಯಾರೂ ಸಾಯಲಿಲ್ಲ. ಹೋಲಿಕೆಗೆ ಬಳಸಿದ ಔಷಧಗಳಲ್ಲಿ ಅತಿ ಪ್ರಬಲವಾದ ಆಕ್ರೆಲಿಜುಮ್ಯಾಬ್, ಅಲೆಮ್ಟುಜುಮ್ಯಾಬ್ ಇರಲಿಲ್ಲವೆಂಬುದನ್ನು ಇದರ ಜೊತೆಗೇ ಹೇಳಬೇಕು. ಆ ಕೊರತೆ ತುಂಬುವ ಪ್ರಯೋಗಗಳನ್ನು ಬ್ರಿಟನ್, ಅಮೆರಿಕ, ನಾರ್ವೆ, ಇಟಲಿಗಳಲ್ಲಿ ಕೈಗೆತ್ತಿಕೊಳ್ಳಲಾಗಿದೆ. ಹಳೆಯ ಕಾಲದ 281 ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ 2017ರ ವರದಿಯಲ್ಲಿ ನೂರು ದಿನದೊಳಗಿನ ಸಾವು ಶೇ 2.8ರಷ್ಟಿತ್ತು. ಅವರಲ್ಲಿ ಹೆಚ್ಚಿನವರದು ಆಗಲೇ ಮುಂದುವರಿದ ಹಂತ. ಐದು ವರ್ಷದ ನಂತರ ಸ್ಥಿತಿ ಹದಗೆಡದೆ ಉಳಿದವರು ಶೇ 46 ಮಾತ್ರ. ಕಿರಿಯರು, ಹಿಂದೆ ಕಡಿಮೆ ಔಷಧಗಳನ್ನು ಬಳಸಿದವರು, ಅಲೆಗಳ ಹಂತದಲ್ಲಿದ್ದವರು ಹೆಚ್ಚು ಲಾಭ ಪಡೆದರು.

ಹೊಸ ಟಿ ಕೋಶಗಳು ಮಯಲಿನ್ ಮೇಲಿನ ದಾಳಿಯನ್ನು ನಿಲ್ಲಿಸಬಲ್ಲವು, ಸತ್ತ ನರತಂತುವನ್ನು ಬದುಕಿಸಲಾರವು. ರಕ್ತದ ಆಕರಕೋಶಗಳು ರಕ್ತಕಣಗಳಾಗುತ್ತವೆಯೇ ಹೊರತು ನರಕೋಶಗಳಾಗುವುದಿಲ್ಲ. ಉರಿಯೂತ ಇಳಿದಾಗ ಅರೆಜೀವವಾಗಿದ್ದ ತಂತುಗಳು ಚೇತರಿಸಿಕೊಂಡು ಕೆಲವರ ನಡಿಗೆ, ದೃಷ್ಟಿ ಸುಧಾರಿಸುವುದುಂಟು. ಹತ್ತಾರು ವರ್ಷ ಗಾಲಿಕುರ್ಚಿಯಲ್ಲಿರುವ, ಎಂಆರ್‌ಐನಲ್ಲಿ ಉರಿಯೂತವೇ ಕಾಣದ ರೋಗಿಗೆ ಈ ಚಿಕಿತ್ಸೆ ಕೊಡುವುದರಲ್ಲಿ ಅರ್ಥವಿಲ್ಲ.

ಎಂಎಸ್ ಭಾರತದಲ್ಲಿ ಅಪರೂಪ ಎಂಬ ಹಳೆಯ ಭಾವನೆಯನ್ನು ಅಲುಗಿಸಿದ ಕೆಲಸಗಳಲ್ಲೊಂದು ಕರ್ನಾಟಕದ್ದೇ. ಮಂಗಳೂರು ನಗರದಲ್ಲಿ ಲೇಖಾ ಪಂಡಿತ್ ಅವರ ತಂಡ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಒಂದು ಲಕ್ಷ ಜನರಿಗೆ ಸುಮಾರು 8 ಮಂದಿಯಲ್ಲಿ ಎಂಎಸ್ ಇತ್ತು. ಅದನ್ನೇ ಹೋಲುವ, ಚಿಕಿತ್ಸೆಯ ದಾರಿ ಬೇರೆಯಿರುವ ಎನ್‌ಎಂಒ ಎಂಬ ಕಾಯಿಲೆಯೂ ಕಂಡುಬಂತು. ಹಾಗಾಗಿ ಕಸಿಯ ಯೋಚನೆಗೆ ಮುಂಚೆ ರೋಗ ಯಾವುದೆಂಬುದು ಖಚಿತವಾಗಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಕ್ಕೆ ಸಂಬಂಧಿಸಿದ ಕಾಯಿಲೆಗಳಿಗೆ ಮಾಡುವ ಸ್ಥಾಪಿತ ಕಸಿಯನ್ನು ಬಿಟ್ಟರೆ ಆಕರಕೋಶಗಳ ಬಳಕೆ ಸಂಶೋಧನೆಯ ಚೌಕಟ್ಟಿನಲ್ಲೇ ನಡೆಯಬೇಕು. ಕೀಮೋಥೆರಪಿಯಿಲ್ಲದೆ, ಆಸ್ಪತ್ರೆ ವಾಸವಿಲ್ಲದೆ, ನಾಲ್ಕಾರು ಚುಚ್ಚುಮದ್ದಿನಲ್ಲಿ ಸ್ಟೆಮ್ ಸೆಲ್ ಹಾಕಿ ಎಂಎಸ್ ಗುಣಪಡಿಸುತ್ತೇವೆ ಎನ್ನುವ ಜಾಹೀರಾತುಗಳು ಇಲ್ಲಿ ವಿವರಿಸಿದ ಚಿಕಿತ್ಸೆಯವಲ್ಲ. ಲಕ್ಷಗಟ್ಟಲೆ ಹಣ ಸುರಿಯುವ ಮುನ್ನ ಕುಟುಂಬದವರು ಈ ವ್ಯತ್ಯಾಸ ತಿಳಿದಿರಬೇಕು. ನರರೋಗ ಮತ್ತು ರಕ್ತರೋಗ ತಜ್ಞರು ಕೂಡಿ ನಿರ್ಧರಿಸುವ, ಕಸಿಯ ನಂತರದ ಎರಡು ವರ್ಷದ ತಪಾಸಣೆ, ತಡೆ ಔಷಧ, ಲಸಿಕೆಗಳ ಪಟ್ಟಿಯನ್ನು ಮೊದಲ ಭೇಟಿಯಲ್ಲೇ ಕೈಗಿಡುವ ಕೇಂದ್ರವನ್ನು ಮಾತ್ರ ನಂಬಿ.